ಆಪರೇಷನ್‌ಗೆ ಮುಂಚೆ ನುಂಗಿದ ಮಾತ್ರೆಗಳ ಲೆಕ್ಕ

ನನ್ನ ಎಡಗಾಲಿನ ಮಂಡಿ ಬದಲಾಯಿಸಿದ್ದು 2019ರಲ್ಲಿ, ಬಲಗಾಲಿಂದು 2023ರಲ್ಲಿ. ಮೈ ಒಂದೇ, ಸವೆದಿದ್ದೂ ಹೆಚ್ಚೂಕಮ್ಮಿ ಒಂದೇ ಥರ, ಆಪರೇಷನ್ನೂ ಅದೇ. ಎಡಗಡೆದು ಒಂದು ದಾರಿಗೆ ಬರೋಕೆ ಒಂಬತ್ತು ತಿಂಗಳು ಹಿಡೀತು, ಮಧ್ಯೆ ಇನ್ನೊಂದ್ಸಲ ಪ್ರಜ್ಞೆ ತಪ್ಪಿಸಿ ಕಾಲನ್ನ ಬಲವಂತವಾಗಿ ಬಗ್ಗಿಸಬೇಕಾಯ್ತು. ಬಲಗಡೆದು ಆರನೇ ವಾರಕ್ಕೆಲ್ಲ ಕೋಲು ಬಿಟ್ಟು ಓಡಾಡ್ತಿದ್ದೆ. ಗುರುತಿದ್ದೋರೆಲ್ಲ ಕೇಳೋದು ಒಂದೇ ಪ್ರಶ್ನೆ, ಎರಡನೇ ಸಲದ ಡಾಕ್ಟ್ರು ಯಾರು, ನಂಬರ್ ಕೊಡಿ ಅಂತ. ಡಾಕ್ಟ್ರ ವಿಷಯ ಅಲ್ಲ ರೀ, ಇಬ್ಬರ ಕೈಯೂ ಚೆನ್ನಾಗೇ ಇತ್ತು, ಎಕ್ಸ್‌ರೇ ನೋಡಿದ್ರೆ ಎರಡೂ ಮಂಡಿ ನೀಟಾಗಿ ಕೂತಿವೆ. ವ್ಯತ್ಯಾಸ ಇದ್ದಿದ್ದು ಆಪರೇಷನ್‌ಗೆ ಮುಂಚಿನ ತಿಂಗಳುಗಳಲ್ಲಿ ನಾನು ನುಂಗ್ತಿದ್ದ ನೋವಿನ ಮಾತ್ರೆಯಲ್ಲಿ (ಪೂರ್ತಿ ಅದರಲ್ಲೇ ಅಂತಲೂ ಅಲ್ಲ, ಆ ವಿಷಯಕ್ಕೆ ಆಮೇಲೆ ಬರ್ತೀನಿ).

28 ವರ್ಷ ಲೆಕ್ಕಪತ್ರ ಬರೆದ ಕೈ ಇದು, ಹಾಗಾಗಿ ಮಾತ್ರೆ ಲೆಕ್ಕಾನೂ ಒಂದು ಡೈರಿಯಲ್ಲಿ ಬರೆದಿಡೋ ಅಭ್ಯಾಸ. ಅದನ್ನೇ ಮುಂದಿಟ್ಕೊಂಡು ಬರೀತಿದೀನಿ. ನಾನು ಡಾಕ್ಟ್ರಲ್ಲ, ಓದಿದ್ದು ಕೇಳಿದ್ದು ಮೈ ಮೇಲೆ ಆಗಿದ್ದು ಇಷ್ಟೇ ನನ್ನ ಬಂಡವಾಳ.

ಮೊದಲ್ನೇ ಸಲ ಆಸ್ಪತ್ರೆಗೆ ಸೇರೋವಾಗ ಒಂದು ಫಾರ್ಮ್ ಕೊಟ್ರು, ಅದರಲ್ಲಿ ಈಗ ತಗೋತಿರೋ ಔಷಧಿಗಳು ಅಂತ ಒಂದು ಜಾಗ. ನಾನೇ ನನ್ನ ಕೈಯಾರೆ ಬಿಪಿ ಮಾತ್ರೆ ಬರೆದೆ, ಥೈರಾಯ್ಡ್ ಮಾತ್ರೆ ಬರೆದೆ, ಪೆನ್ ಮುಚ್ಚಿಟ್ಟೆ. ದಿನಕ್ಕೆ ನಾಲ್ಕು ಸಲ ನುಂಗ್ತಿದ್ದ ಟ್ರಮಡಾಲ್ ಬರೀಲೇ ಇಲ್ಲ. ಮುಚ್ಚಿಡಬೇಕು ಅಂತೇನಲ್ಲ, ನನ್ನ ತಲೇಲಿ ಔಷಧಿ ಅಂದ್ರೆ ಕಾಯಿಲೆಗೆ ತಗೊಳ್ಳೋದು, ಪೇನ್ ಕಿಲ್ಲರ್ ಅಂದ್ರೆ ನೋವಾದಾಗ ಮಾತ್ರ ತಗೊಳ್ಳೋದು, ಅದೂ ಒಂದು ಔಷಧೀನಾ ಅನ್ನೋ ಭಾವನೆ. ನೋವಾದಾಗ ಮಾತ್ರ ಅನ್ನೋದು ಯಾವಾಗ ಹೊತ್ತೊತ್ತಿಗೂ ಅಂತ ಆಯ್ತೋ ನನಗೇ ಗೊತ್ತಿಲ್ಲ. ಡೈರಿ ತಿರುಗಿಸಿದ್ರೆ ಕಾಣುತ್ತೆ, ಮೊದಲ ತಿಂಗಳು ವಾರಕ್ಕೆ ಮೂರು ಮಾತ್ರೆ, ನಾಲ್ಕನೇ ತಿಂಗಳಿಗೆ ದಿನಕ್ಕೆರಡು, ಹದಿನಾಲ್ಕನೇ ತಿಂಗಳಲ್ಲಿ ಆಪರೇಷನ್‌ಗೆ ಹೋಗೋ ಹೊತ್ತಿಗೆ 50 ಮಿಲಿಗ್ರಾಂನ ನಾಲ್ಕು ಮಾತ್ರೆ. ಯಾರೂ ಕೇಳಲಿಲ್ಲ, ನಾನೂ ಹೇಳಲಿಲ್ಲ.

ಅದು ಓಪಿಯಾಯ್ಡ್, ಅಂದ್ರೆ ಅಫೀಮಿನ ಥರ ಕೆಲಸ ಮಾಡೋ ನೋವಿನ ಮಾತ್ರೆ ಅಂತಾನೇ ನನಗೆ ಗೊತ್ತಿರಲಿಲ್ಲ. ಆ ಪದ ಕೇಳಿದ್ರೆ ಮಾರ್ಫಿನ್ ನೆನಪಾಗ್ತಿತ್ತು, ಕ್ಯಾನ್ಸರ್ ನೆನಪಾಗ್ತಿತ್ತು, ನನ್ನ ಕೈಲಿರೋ ಈ ಸಣ್ಣ ಕ್ಯಾಪ್ಸೂಲ್ ಅದೇ ವಂಶದ್ದು ಅಂತ ಅನ್ಸೇ ಇರಲಿಲ್ಲ. ಅಫೀಮಿನ ಗಿಡದ ಹಾಲಿನಿಂದ ಮಾರ್ಫಿನ್ ಬೇರೆ ಮಾಡಿದ್ದು ಸರ್ಟ್ಯುರ್ನರ್ ಅನ್ನೋ ಜರ್ಮನಿಯ ಔಷಧಿ ತಯಾರಕ, 1800ರ ದಶಕದ ಶುರುವಲ್ಲಿ, ಗ್ರೀಕರ ಕನಸಿನ ದೇವರ ಹೆಸರನ್ನೇ ಅದಕ್ಕಿಟ್ಟ. ಟ್ರಮಡಾಲ್ ಗಿಡದಿಂದ ಬಂದಿದ್ದಲ್ಲ, ಫ್ಯಾಕ್ಟರೀಲಿ ಮಾಡಿದ್ದು, ಆದ್ರೆ ಹೋಗಿ ಕೂರೋದು ಮಾರ್ಫಿನ್ ಕೂರೋ ಜಾಗದಲ್ಲೇ. ಮಿದುಳು, ಬೆನ್ನುಹುರಿ, ಕರುಳು, ಇಲ್ಲೆಲ್ಲ ಜೀವಕೋಶಗಳ ಮೇಲೆ ಈ ಔಷಧಿ ಬಂದು ಕೂರೋ ಜಾಗ ಇರುತ್ತೆ, ಅದಕ್ಕೆ ಮ್ಯೂ ರಿಸೆಪ್ಟರ್ ಅಂತಾರೆ. ಈ ರಿಸೆಪ್ಟರ್‌ಗಳು ಇವೆ ಅಂತ ಗಟ್ಟಿಯಾಗಿ ತೋರಿಸಿದ್ದು 1973ರಲ್ಲಿ, ಎರಡು ವರ್ಷ ಬಿಟ್ಟು ನಮ್ಮ ದೇಹವೇ ಇದಕ್ಕೆ ಬೇಕಾದ ನೋವುನಿವಾರಕ ತಯಾರಿಸುತ್ತೆ ಅಂತಲೂ ಗೊತ್ತಾಯ್ತು. ಟ್ರಮಡಾಲ್‌ಗೆ ಇನ್ನೊಂದು ಕೆಲಸಾನೂ ಇದೆ, ಸಿರೊಟೋನಿನ್, ನಾರ್‌ಅಡ್ರಿನಲಿನ್ ಅನ್ನೋ ಎರಡು ರಾಸಾಯನಿಕಗಳನ್ನ ನರಗಳ ನಡುವೆ ಜಾಸ್ತಿ ಹೊತ್ತು ಉಳಿಸುತ್ತೆ, ಖಿನ್ನತೆ ಮಾತ್ರೆಗಳು ಮಾಡೋ ಥರದ್ದೇ ಕೆಲಸ. ಅದಕ್ಕೇ ಖಿನ್ನತೆ ಮಾತ್ರೆ ತಗೋತಿರೋರು ಇದನ್ನ ಸುಮ್ನೆ ಸೇರಿಸ್ಕೊಳ್ಳಬಾರದು, ಫಿಟ್ಸ್ ಬರೋ ಅಪಾಯಾನೂ ಇದೆ. ಜೊತೆಗೆ ಇದು ಪೂರ್ತಿ ಜೋರು ತೋರಿಸಬೇಕು ಅಂದ್ರೆ ಲಿವರ್‌ನಲ್ಲಿ ಸಿವೈಪಿ2ಡಿ6 ಅನ್ನೋ ಕಿಣ್ವ ಇದನ್ನ ಬೇರೆ ರೂಪಕ್ಕೆ ತಿರುಗಿಸಬೇಕು. ಆ ಕಿಣ್ವ ಕೆಲವರಿಗೆ ಹುಟ್ಟಿನಿಂದಲೇ ನಿಧಾನ, ಕೆಲವರಿಗೆ ವಿಪರೀತ ಚುರುಕು. ಒಂದೇ ಮಾತ್ರೆ ಒಬ್ಬರಿಗೆ ಏನೂ ಮಾಡಲ್ಲ, ಇನ್ನೊಬ್ಬರನ್ನ ಮಂಕಾಗಿಸಿ ಮಲಗಿಸಿಬಿಡುತ್ತೆ.

ಬರೆದುಕೊಟ್ಟ ಡಾಕ್ಟ್ರನ್ನ ಬೈಯೋಕೆ ಈ ಪೋಸ್ಟ್ ಹಾಕ್ತಿಲ್ಲ. ಅಮೆರಿಕದ ಮೂಳೆ ಡಾಕ್ಟ್ರುಗಳ ಸಂಘದ ಮಂಡಿ ಸವೆತದ ಮಾರ್ಗಸೂಚೀಲೇ 2013ರಲ್ಲಿ ಟ್ರಮಡಾಲ್ ಕೊಡಬಹುದು ಅಂತ ಗಟ್ಟಿಯಾಗಿ ಶಿಫಾರಸು ಇತ್ತು. ಅದೇ ಸಂಘ 2021ರಲ್ಲಿ ಪೂರ್ತಿ ಉಲ್ಟಾ ಹೊಡೀತು, ಟ್ರಮಡಾಲ್ ಸೇರಿ ಬಾಯಿಂದ ತಗೊಳ್ಳೋ ಓಪಿಯಾಯ್ಡ್‌ಗಳು ಮಂಡಿ ಸವೆತದಲ್ಲಿ ನೋವನ್ನೂ ಕಮ್ಮಿ ಮಾಡಲ್ಲ, ಓಡಾಟಾನೂ ಸುಧಾರಿಸಲ್ಲ, ತೊಂದರೆ ಮಾತ್ರ ಜಾಸ್ತಿ ಅಂತ. ನಾನು ಮಾತ್ರೆ ಶುರು ಮಾಡಿದ್ದು ಈ ಎರಡರ ಮಧ್ಯದಲ್ಲಿ. ಹಳೇ ರೂಲ್ ಪ್ರಕಾರ ಬರೆದ ಲೆಕ್ಕಕ್ಕೆ ಗುಮಾಸ್ತನ್ನ ಬೈದು ಏನು ಪ್ರಯೋಜನ.

ಎಡಗಾಲಿನ ಆಪರೇಷನ್ ಆದ ರಾತ್ರಿ. ಬೆನ್ನಿಗೆ ಕೊಟ್ಟಿದ್ದ ಇಂಜೆಕ್ಷನ್ನಿನ ಜೋಮು ಇಳೀತಾ ಬಂದ ಹಾಗೆ ಶುರುವಾಯ್ತು ನೋಡಿ, ಹೆರಿಗೆ ನೋವು ಕಂಡವಳು ನಾನು, ಆದ್ರೂ ಹಲ್ಲು ಕಚ್ಚಿ ತಡೆಯೋಕಾಗದಂಥ ನೋವು. ಸಿಸ್ಟರ್ ಬಂದು ಇಂಜೆಕ್ಷನ್ ಕೊಟ್ರು, ಅರ್ಧ ಗಂಟೆ ಬಿಟ್ಟು ಮತ್ತೆ ಬೆಲ್ ಒತ್ತಿದೆ, ಮತ್ತೆ ಬಂದ್ರು, ಮೂರನೇ ಸಲ "ಪಕ್ಕದ ಬೆಡ್ಡಿನವರಿಗೂ ಇಷ್ಟೇ ಕೊಟ್ಟಿರೋದು ಆಂಟಿ, ಅವರು ನಿದ್ದೆ ಮಾಡ್ತಿದಾರೆ ನೋಡಿ" ಅಂದ್ರು. ಅವರ ತಪ್ಪಲ್ಲ, ಚಾರ್ಟ್‌ನಲ್ಲಿ ಬರೆದಷ್ಟು ಅವರು ಕೊಟ್ಟಿದ್ರು, ಚಾರ್ಟ್ ಬರೆದೋರಿಗೆ ನಾನು ಹದಿನಾಲ್ಕು ತಿಂಗಳಿಂದ ಅದೇ ವಂಶದ ಮಾತ್ರೆ ನುಂಗ್ತಿರೋದು ಗೊತ್ತಿರಲಿಲ್ಲ. ಆದ್ರೆ ಆ ಮಾತು ಮಾತ್ರ ಇವತ್ತಿಗೂ ಚುಚ್ಚುತ್ತೆ. ನಾನು ನಾಟಕ ಮಾಡ್ತಿದೀನಿ ಅಂತ ಅವರಿಗನ್ಸಿದ್ದಕ್ಕಿಂತ ಜಾಸ್ತಿ, ನಂಗೇ ಹಾಗನ್ಸೋಕೆ ಶುರುವಾಗಿತ್ತು, ನಾನು ಇಷ್ಟು ನಾಜೂಕಿನವಳಾ ಅಂತ.

ಮೂರನೇ ದಿನಕ್ಕೆ ಇಂಜೆಕ್ಷನ್ ನಿಲ್ಸಿ ಪ್ಯಾರಾಸಿಟಮಾಲ್‌ಗೆ ಇಳಿಸಿದ್ರು. ಅವತ್ತು ಸಾಯಂಕಾಲದಿಂದ ಆಕಳಿಕೆ ಮೇಲೆ ಆಕಳಿಕೆ, ಮೂಗು ಸೋರೋದು, ಮೈಯೆಲ್ಲ ಬೆವರು, ಅದೇ ಹೊತ್ತಿಗೆ ರೋಮ ನಿಂತ್ಕೊಂಡು ಚಳಿ, ಹೊಟ್ಟೆ ತೊಳಸೋದು, ಕಾಲು ಒಂದು ಕಡೆ ಇಡೋಕಾಗ್ದೆ ಒದ್ದಾಟ, ಅದೂ ಹೊಲಿಗೆ ಹಾಕಿರೋ ಕಾಲು! ಸೋಂಕು ಇರಬಹುದು ಅಂತ ರಕ್ತ ಪರೀಕ್ಷೆಗೆ ಕಳ್ಸಿದ್ರು, ಏನೂ ಸಿಗಲಿಲ್ಲ. ಈಗ ಗೊತ್ತು, ಅದು ಮಾತ್ರೆ ಏಕಾಏಕಿ ನಿಂತಿದ್ದಕ್ಕೆ ಮೈ ಮಾಡಿದ ಗಲಾಟೆ. ನಮ್ಮನೇವ್ರು ಬ್ಯಾಗಲ್ಲಿ ಮಿಕ್ಕಿದ್ದ ನನ್ನ ಹಳೇ ಸ್ಟ್ರಿಪ್ ನೋಡಿ "ಇದನ್ನಾದ್ರೂ ಒಂದು ತಗೋತೀಯಾ" ಅಂದ್ರು, ತಗೊಂಡೆ, ಒಂದು ಗಂಟೇಲಿ ಎಲ್ಲ ತಣ್ಣಗಾಯ್ತು. ಆವಾಗಾದ್ರೂ ಹೊಳೀಬೇಕಿತ್ತು ನಮಗೆ. ಇಬ್ಬರಿಗೂ ಹೊಳೀಲಿಲ್ಲ, ಮಾತ್ರೆ ಎಷ್ಟು ಒಳ್ಳೇದು ನೋಡು ಅಂದ್ಕೊಂಡ್ವಿ. (ಆಸ್ಪತ್ರೇಲಿದ್ದಾಗ ಮನೆ ಮಾತ್ರೆ ಕದ್ದು ನುಂಗೋದು ಎಷ್ಟು ಅಪಾಯ ಅಂತ ಆಮೇಲೆ ಗೊತ್ತಾಗಿ ಮೈ ಜುಮ್ಮಂತು, ಯಾರೂ ಮಾಡಬೇಡಿ. ಅವರು ಬೇರೆ ಏನು ಕೊಟ್ಟಿರ್ತಾರೋ ಅದರ ಜೊತೆ ಇದೂ ಸೇರಿ ಉಸಿರು ನಿಧಾನ ಆಗಿಬಿಡಬಹುದು.)

ಆಮೇಲಿನ ಕಥೆ ಫಿಸಿಯೋದು. ಮಂಡಿ ಬದಲಾಯಿಸಿದ ಮೇಲೆ ಮೊದಲ ಆರೆಂಟು ವಾರಾನೇ ಬಂಡವಾಳ, ಆ ಸಮಯದಲ್ಲಿ ಬಗ್ಗಿಸಿ ಬಗ್ಗಿಸಿ ಸಡಿಲ ಮಾಡ್ಕೊಂಡ್ರೆ ಆಯ್ತು, ಇಲ್ಲಾಂದ್ರೆ ಒಳಗೆ ಗಾಯದ ಅಂಗಾಂಶ ಬಲಿತು ಬಿಗಿಯಾಗುತ್ತೆ. ಕುರ್ಚಿಯಿಂದ ಆರಾಮಾಗಿ ಏಳಬೇಕು ಅಂದ್ರೆ 90 ಡಿಗ್ರಿ ದಾಟಿ ಬಗ್ಗಬೇಕು. ನಂದು ಎಂಟನೇ ವಾರಕ್ಕೆ 70. ಫಿಸಿಯೋ ಹುಡುಗ ಕೈ ಇಟ್ಟ ತಕ್ಷಣ ನಾನು ತೊಡೆ ಬಿಗಿ ಹಿಡೀತಿದ್ದೆ, ಬಿಗಿ ಹಿಡಿದ್ರೆ ಬಗ್ಗಲ್ಲ, ಬಗ್ಗದೇ ಇದ್ರೆ ಇನ್ನೂ ಬಿಗಿ. ಆ ನೋವಿಗೆ ಮತ್ತೆ ಟ್ರಮಡಾಲ್, ಅದು ತಗೊಂಡ್ರೆ ತಲೆ ಮಂಪರು, ಮಲಬದ್ಧತೆ, ವ್ಯಾಯಾಮಕ್ಕೆ ಮನಸ್ಸೇ ಬರ್ತಿರಲಿಲ್ಲ. ಕೊನೆಗೆ ಪ್ರಜ್ಞೆ ತಪ್ಪಿಸಿ ಬಗ್ಗಿಸಿದ್ರು. ಮಾತ್ರೆ ಪೂರ್ತಿ ಬಿಟ್ಟಿದ್ದು ಐದು ತಿಂಗಳಾದ ಮೇಲೆ.

ಇಷ್ಟೆಲ್ಲ ಯಾಕಾಯ್ತು ಅಂತ ನನಗೆ ಬಿಡಿಸಿ ಹೇಳಿದ್ದು ಎರಡನೇ ಸಲದ ಅರಿವಳಿಕೆ ಡಾಕ್ಟ್ರು. ಅವರು ಹೇಳಿದ್ದನ್ನ ನನ್ನ ಭಾಷೆಗೆ ತಿರುಗಿಸ್ಕೊಂಡ್ರೆ ಅದು ಬ್ಯಾಂಕಿನ ಓವರ್‌ಡ್ರಾಫ್ಟ್ ಖಾತೆ ಥರ, ಖಾತೇಲಿ ಇರೋದಕ್ಕಿಂತ ಜಾಸ್ತಿ ದುಡ್ಡು ತೆಗೆಯೋಕೆ ಬಿಡೋದು. ಆಪತ್ತಿಗೆ ಅಂತ ಒಂದು ಲಿಮಿಟ್ ಇರುತ್ತೆ. ದಿನಾ ಸಣ್ಣ ಸಣ್ಣ ಖರ್ಚಿಗೆ ಅದರಿಂದ ಎಳೀತಾ ಹೋದ್ರೆ, ನಿಜವಾದ ಆಪತ್ತು ಬಂದ ದಿನ ಹೋಗಿ ನಿಂತ್ರೆ ಲಿಮಿಟ್ ಖಾಲಿ. ದಿನಾ ಮಾತ್ರೆ ಬಿದ್ದು ಬಿದ್ದು ರಿಸೆಪ್ಟರ್‌ಗಳು ಮಂದವಾಗ್ತವೆ, ಕೆಲವು ಜೀವಕೋಶದ ಒಳಗಡೆಗೇ ಸರಿದುಬಿಡ್ತವೆ, ಹಾಗಾಗಿ ಅದೇ ಮಾತ್ರೆ ಮೊದಲಿನಷ್ಟು ನಾಟಲ್ಲ. ಇದಕ್ಕೆ ಟಾಲರೆನ್ಸ್ ಅಂತಾರೆ. ಇಷ್ಟೇ ಆಗಿದ್ರೆ ಡೋಸ್ ಜಾಸ್ತಿ ಕೊಟ್ರಾಯ್ತು. ಬಡ್ಡೀನೂ ಇದೆ. ಬಹಳ ದಿನ ಓಪಿಯಾಯ್ಡ್ ತಗೊಂಡ ನರಮಂಡಲ ಕೆಲವರಲ್ಲಿ ನೋವಿಗೆ ಇನ್ನೂ ಚುರುಕಾಗಿಬಿಡುತ್ತೆ, ನೋವು ಕಮ್ಮಿ ಮಾಡ್ಲಿ ಅಂತ ತಗೊಂಡಿದ್ದೇ ನೋವಿನ ಸದ್ದನ್ನ ದೊಡ್ಡದು ಮಾಡುತ್ತೆ. ನನಗೆ ಆ ರಾತ್ರಿ ಹೊದಿಕೆ ತಾಗಿದ್ರೂ ಉರೀತಿತ್ತು, ಅದು ಇದೇನಾ ಅಂತ ಖಚಿತವಾಗಿ ಯಾರೂ ಹೇಳೋಕಾಗಲ್ಲ, ಆದ್ರೆ ಕೇಳಿದಾಗ ಎದೆ ಧಸಕ್ ಅಂತು.

ಡೋಸ್ ಏರಿಸಿದ್ರೆ ಆಯ್ತಲ್ಲ ಅನ್ನೋದೂ ಅಷ್ಟು ಸಲೀಸಲ್ಲ. ನೋವಿನ ವಿಷಯದಲ್ಲಿ ಮೈ ಒಗ್ಗಿಕೊಳ್ಳೋ ವೇಗ ಒಂದು, ಉಸಿರಾಟದ ವಿಷಯದಲ್ಲಿ ಇನ್ನೊಂದು. ನೋವು ನಿಲ್ಲೋವಷ್ಟು ಕೊಡೋಕೆ ಹೋದ್ರೆ ಉಸಿರು ನಿಧಾನ ಆಗೋ ಗೆರೆ ಹತ್ರ ಬಂದಿರುತ್ತೆ, ಅದ್ರಲ್ಲೂ ಗೊರಕೆ ಹೊಡೆಯುವಾಗ ಉಸಿರು ಕಟ್ಟೋರಿಗೆ, ನಿದ್ದೆ ಮಾತ್ರೆ ತಗೊಳ್ಳೋರಿಗೆ, ಗ್ಯಾಬಾಪೆಂಟಿನ್ ಥರದ ನರದ ಮಾತ್ರೆ ಜೊತೆಗಿರೋರಿಗೆ. ಇನ್ನು ಕರುಳಂತೂ ಇದಕ್ಕೆ ಒಗ್ಗೋದೇ ಇಲ್ಲ ಅನ್ನಬಹುದು, ವರ್ಷಗಟ್ಟಲೆ ತಗೊಂಡ್ರೂ ಮಲಬದ್ಧತೆ ಹಾಗೇ ಇರುತ್ತೆ. ಆಪರೇಷನ್ ಆದ ಮೇಲೆ ನಾಲ್ಕು ದಿನ ನಾನು ಟಾಯ್ಲೆಟ್ ಮುಖ ನೋಡಿರಲಿಲ್ಲ, ಈ ವಿಷಯ ಯಾರೂ ಬರೆಯಲ್ಲ, ಮಂಡಿಗಿಂತ ಅದೇ ದೊಡ್ಡ ಗೋಳಾಗಿತ್ತು.

ನನ್ನೊಬ್ಬಳ ಎರಡು ಕಾಲಿಂದ ಏನೂ ಸಾಬೀತಾಗಲ್ಲ, ಹಾಗಾಗಿ ಮಗಳ ಹತ್ರ ಕೂತು ಸಂಶೋಧನೆಗಳನ್ನ ಒಂದಿಷ್ಟು ಓದಿಸ್ಕೊಂಡೆ. ಅಂಕಿ ಬೇಡದವರು ಮುಂದಿನ ಎರಡು ಪ್ಯಾರಾ ಹಾರಿಸಿ, ನನಗೆ ಅದಿಲ್ದೆ ನಿದ್ದೆ ಬರಲ್ಲ.

2011ರಲ್ಲಿ ಬಂದ ಒಂದು ಅಧ್ಯಯನದಲ್ಲಿ, ಮಂಡಿ ಬದಲಾವಣೆಗೆ ಮುಂಚೆ ತಪ್ಪದೇ ಓಪಿಯಾಯ್ಡ್ ತಗೋತಿದ್ದವರ 49 ಮಂಡಿಗಳನ್ನ, ತಗೊಳ್ಳದೇ ಇದ್ದ ಅದೇ ಥರದವರ ಮಂಡಿಗಳ ಜೊತೆ ಹೋಲಿಸಿದ್ರು. ತಗೊಂಡವರಲ್ಲಿ 8 ಮಂಡಿಗೆ ನೋವು, ಬಿಗಿತ ಅಂತ ಮತ್ತೆ ಆಪರೇಷನ್ ಮಾಡಿ ಸರಿಪಡಿಸಬೇಕಾಯ್ತು, ಇನ್ನೊಂದು ಗುಂಪಲ್ಲಿ ಒಂದೂ ಇಲ್ಲ. ಆಸ್ಪತ್ರೇಲಿ ಉಳಿಯೋ ದಿನಾನೂ ಜಾಸ್ತಿ. 2017ರದ್ದು ಇನ್ನೊಂದು, 156 ಜನ, ಅದರಲ್ಲಿ ಆಪರೇಷನ್‌ಗೆ ಹಿಂದಿನ ಎರಡು ವರ್ಷದಲ್ಲಿ ಒಂದ್ಸಲನಾದ್ರೂ ಓಪಿಯಾಯ್ಡ್ ಬರೆಸ್ಕೊಂಡೋರು 36. ಆರು ತಿಂಗಳಾದ ಮೇಲೆ ನೋವು ಎಷ್ಟು ಇಳೀತು ಅಂತ ನೂರರ ಅಳತೇಲಿ ನೋಡಿದ್ರೆ ತಗೊಂಡವರಿಗೆ 27 ಅಂಕ, ತಗೊಳ್ಳದವರಿಗೆ 33.6. ಇಲ್ಲಿ ಗಮನಿಸಿ, ತಗೊಂಡೋರಿಗೂ ಉಪಯೋಗ ಆಗಿದೆ, ಚೆನ್ನಾಗೇ ಆಗಿದೆ, ಆದ್ರೆ ಕಮ್ಮಿ. ಮಾತ್ರೆ ತಗೊಂಡಿದ್ದೀನಿ ಇನ್ನು ಆಪರೇಷನ್ ದಂಡ ಅಂತ ಯಾರೂ ಹೆದರಬೇಕಾಗಿಲ್ಲ.

ನನ್ನನ್ನ ಅಲ್ಲಾಡಿಸಿದ್ದು 2016ರ ಒಂದು ಅಧ್ಯಯನ, 574 ಜನ ಮಂಡಿ ಇಲ್ಲಾ ಸೊಂಟದ ಕೀಲು ಬದಲಾಯಿಸ್ಕೊಂಡೋರು. ಮುಂಚೆ ಓಪಿಯಾಯ್ಡ್ ಮುಟ್ಟದೇ ಇದ್ದೋರಲ್ಲಿ ಆರು ತಿಂಗಳಾದ ಮೇಲೂ ತಗೋತಿದ್ದೋರು ಮಂಡಿಯವರಲ್ಲಿ ಶೇಕಡಾ 8.2, ಸೊಂಟದವರಲ್ಲಿ 4.3. ಮುಂಚೇನೇ ತಗೋತಿದ್ದೋರಲ್ಲಿ? ಮಂಡಿಯವರು ಶೇಕಡಾ 53.3, ಸೊಂಟದವರು 34.7. ಅಂದ್ರೆ ಮಂಡಿ ಹೊಸದಾಯ್ತು, ನೋವಿನ ಕಾರಣ ಕತ್ತರಿಸಿ ಎಸೆದಾಯ್ತು, ಆದ್ರೂ ಅರ್ಧಕ್ಕಿಂತ ಜಾಸ್ತಿ ಜನ ಮಾತ್ರೆ ಬಿಟ್ಟಿಲ್ಲ. ಐದು ತಿಂಗಳು ನಾನು ಬಿಡಲಾರದೇ ಒದ್ದಾಡಿದ್ದು ನನ್ನ ಮನಸ್ಸಿನ ದೌರ್ಬಲ್ಯ ಅಂದ್ಕೊಂಡಿದ್ದೆ. ಬೆನ್ನುಮೂಳೆ ಆಪರೇಷನ್, ಭುಜದ ಕೀಲು ಬದಲಾವಣೆ, ಅಲ್ಲೂ ದಿಕ್ಕು ಇದೇ, ಮುಂಚೆ ತಗೊಂಡವರ ಫಲಿತಾಂಶ ಒಂದು ಮೆಟ್ಟಿಲು ಕೆಳಗೆ. ಹೊಸ ಕೀಲಿಗೆ ಸೋಂಕು ತಗಲೋ ಸಂಭವಾನೂ ಇವರಲ್ಲಿ ಜಾಸ್ತಿ ಕಂಡಿದೆ, ಓಪಿಯಾಯ್ಡ್‌ಗಳು ರೋಗನಿರೋಧಕ ಶಕ್ತಿಯನ್ನ ಸ್ವಲ್ಪ ಕುಗ್ಗಿಸ್ತವೆ ಅನ್ನೋದು ಅದಕ್ಕೆ ಕೊಡೋ ಒಂದು ಕಾರಣ.

ಈಗ ಆಗ್ಲೇ ಹೇಳಿದ ಆ "ಪೂರ್ತಿ ಅದರಲ್ಲೇ ಅಲ್ಲ" ಅನ್ನೋ ವಿಷಯ. ಮುಂಚೆ ಮಾತ್ರೆ ತಗೊಂಡೋರು ಯಾರು? ಜಾಸ್ತಿ ನೋವಿದ್ದೋರು, ಬಹಳ ವರ್ಷದಿಂದ ನರಳಿದೋರು, ನಿದ್ದೆ ಇಲ್ಲದೋರು, ಮನಸ್ಸು ಕುಗ್ಗಿದೋರು, ಮಂಡಿ ಒಂದೇ ಅಲ್ಲ ಮೈಯೆಲ್ಲ ನೋವು ಅನ್ನೋರು. ಇವರೆಲ್ಲ ಮಾತ್ರೆ ತಗೊಳ್ಳದೇ ಇದ್ದಿದ್ರೂ ಸ್ವಲ್ಪ ನಿಧಾನವಾಗೇ ಚೇತರಿಸ್ಕೊಳ್ತಿದ್ರೇನೋ. ಮಾತ್ರೆಯಿಂದ ಎಷ್ಟು, ಮಾತ್ರೆ ತಗೊಳ್ಳೋ ಪರಿಸ್ಥಿತಿಯಿಂದ ಎಷ್ಟು ಅಂತ ಬಿಡಿಸಿ ಹೇಳೋದು ಕಷ್ಟ, ಸಂಶೋಧಕರು ವಯಸ್ಸು, ತೂಕ, ಖಿನ್ನತೆ ಎಲ್ಲ ಹೊಂದಿಸಿ ನೋಡ್ತಾರೆ, ಆದ್ರೂ ಅನುಮಾನ ಪೂರ್ತಿ ಹೋಗಲ್ಲ. ನನ್ನ ವಿಷಯದಲ್ಲೂ ಅಷ್ಟೇ, ಎರಡನೇ ಸಲ ಏನಾಗುತ್ತೆ ಅಂತ ಗೊತ್ತಿತ್ತು, ಹೆದರಿಕೆ ಕಮ್ಮಿ, ಫಿಸಿಯೋ ಮುಂಚೇನೇ ಶುರು ಮಾಡಿದ್ದೆ, ಅದರ ಪಾಲೂ ಇದೆ.

ಎರಡನೇ ಮಂಡಿಗೆ ಬರ್ತೀನಿ. ಅಷ್ಟು ಅನುಭವಿಸಿದ ಮೇಲೂ ಬಲಗಡೆ ಮಂಡಿ ಕೈಕೊಟ್ಟಾಗ ನಾನು ಮತ್ತೆ ಅದೇ ಮಾತ್ರೆಗೆ ಹೋಗಿದ್ದೆ, ಹೇಳ್ಕೊಳ್ಳೋಕೆ ನಾಚಿಕೆ ಆಗುತ್ತೆ, ಆದ್ರೆ ಮೆಟ್ಟಿಲು ಇಳಿಯೋವಾಗ ಕಣ್ಣಲ್ಲಿ ನೀರು ಬರೋ ನೋವಿದ್ದಾಗ ಬುದ್ಧಿವಾದ ಯಾರಿಗೆ ಬೇಕು. ಹತ್ತು ತಿಂಗಳಲ್ಲಿ ಮತ್ತೆ ದಿನಕ್ಕೆ ನಾಲ್ಕು. ಈ ಸಲದ ಆಸ್ಪತ್ರೆ ಬೇರೆ, ಆಪರೇಷನ್‌ಗೆ ಮೂರು ತಿಂಗಳು ಮುಂಚೇನೇ ಅರಿವಳಿಕೆ ಡಾಕ್ಟ್ರನ್ನ ನೋಡಿ ಅಂತ ಕಳ್ಸಿದ್ರು. ಆಯಮ್ಮ ಏನೇನು ಔಷಧಿ ತಗೋತೀರಿ ಅಂತ ಕೇಳಲೇ ಇಲ್ಲ. "ನೋವಿಗೆ ಏನು ತಗೋತಿದೀರಾ ಅಮ್ಮಾ, ಎಷ್ಟು, ಯಾವಾಗಿಂದ, ನಿನ್ನೆ ಎಷ್ಟು ತಗೊಂಡ್ರಿ" ಅಂತ ಕೇಳಿದ್ರು. ಎಷ್ಟು ಸಣ್ಣ ವ್ಯತ್ಯಾಸ ನೋಡಿ. ನಾನು ಡೈರಿ ತೆಗೆದು ಮುಂದಿಟ್ಟೆ, ಅವರಿಗೆ ಖುಷಿಯೋ ಖುಷಿ.

ಅಲ್ಲೇ ಕೂತು ಲೆಕ್ಕ ಹಾಕಿ ತೋರಿಸಿದ್ರು. ಬೇರೆ ಬೇರೆ ಓಪಿಯಾಯ್ಡ್‌ಗಳನ್ನ ಬಾಯಿಂದ ತಗೊಳ್ಳೋ ಮಾರ್ಫಿನ್ನಿನ ಅಳತೆಗೆ ತಿರುಗಿಸೋಕೆ ಒಂದೊಂದಕ್ಕೆ ಒಂದೊಂದು ಗುಣಕ ಇದೆ, ವಿದೇಶಿ ದುಡ್ಡನ್ನ ನಮ್ಮ ದುಡ್ಡಿಗೆ ತಿರುಗಿಸೋ ಹಾಗೆ. ಟ್ರಮಡಾಲ್‌ಗೆ ಅಮೆರಿಕದ ಸಾರ್ವಜನಿಕ ಆರೋಗ್ಯ ಸಂಸ್ಥೆ ಸಿಡಿಸಿಯ 2022ರ ಮಾರ್ಗಸೂಚಿ ಪ್ರಕಾರ 0.2, ಆಕ್ಸಿಕೋಡೋನ್‌ಗೆ 1.5, ಕೋಡೀನ್‌ಗೆ 0.15. ನಂದು 200 ಮಿಲಿಗ್ರಾಂ, ಗುಣಿಸಿದ್ರೆ 40. ಹಳೇ ಪಟ್ಟೀಲಿ ಟ್ರಮಡಾಲ್‌ಗೆ 0.1 ಇತ್ತು, ಅದರ ಪ್ರಕಾರ 20 ಅಷ್ಟೇ ಬರ್ತಿತ್ತು, ಒಂದೇ ಮಾತ್ರೆ ಒಂದೇ ಹೊಟ್ಟೆ ಲೆಕ್ಕ ಮಾತ್ರ ಡಬಲ್! ದಿನಕ್ಕೆ 60 ಮಿಲಿಗ್ರಾಂ ಮಾರ್ಫಿನ್ನಿಗೆ ಸಮನಾದಷ್ಟನ್ನ ಒಂದು ವಾರವೋ ಜಾಸ್ತಿಯೋ ತಗೊಂಡೋರನ್ನ ಅಮೆರಿಕದ ಔಷಧಿ ನಿಯಂತ್ರಣ ಸಂಸ್ಥೆ ಎಫ್‌ಡಿಎ ಓಪಿಯಾಯ್ಡ್‌ಗೆ ಒಗ್ಗಿದವರು ಅಂತ ಕರೆಯುತ್ತಂತೆ. ನಾನು ಆ ಗೆರೆಯಿಂದ ಕೆಳಗಿದ್ದೆ. "ಗೆರೆ ದಾಟಿಲ್ಲ ಅಂತ ಸಮಾಧಾನ ಪಡಬೇಡಿ, ಮೈ ಗೆರೆ ನೋಡ್ಕೊಂಡು ಒಗ್ಗಲ್ಲ" ಅಂದ್ರು.

ನಾನು ಕೇಳಿದೆ, ಇವತ್ತಿಂದಲೇ ನಿಲ್ಸಿಬಿಡ್ಲಾ ಅಂತ. ಬೇಡವೇ ಬೇಡ ಅಂದ್ರು. ದಿಢೀರ್ ಅಂತ ನಿಲ್ಸಿದ್ರೆ ನೋವು ಉಲ್ಬಣ, ಒದ್ದಾಟ, ಮನಸ್ಸು ತೀರಾ ಕುಸಿಯೋದು, ಜೀವಕ್ಕೇ ಕುತ್ತು ತಂದ್ಕೊಂಡೋರೂ ಇದಾರೆ, 2019ರಲ್ಲಿ ಎಫ್‌ಡಿಎ ಈ ಬಗ್ಗೆ ಎಚ್ಚರಿಕೆಯನ್ನೇ ಕೊಡ್ತು. ಟ್ರಮಡಾಲ್‌ನಲ್ಲಂತೂ ಓಪಿಯಾಯ್ಡ್ ಬಿಟ್ಟ ಬಾಧೆ ಒಂದು, ಸಿರೊಟೋನಿನ್ ಕಡೆದು ಇನ್ನೊಂದು. ಹಾಗಾಗಿ ಎರಡು ವಾರಕ್ಕೊಂದು ಮಾತ್ರೆ ಇಳಿಸೋದು, ನಾಲ್ಕರಿಂದ ಮೂರು, ಮೂರರಿಂದ ಎರಡು, ಎರಡರಿಂದ ಒಂದು. ಕಷ್ಟ ಆದ್ರೆ ಅದೇ ಮೆಟ್ಟಿಲಲ್ಲಿ ಇನ್ನೊಂದು ವಾರ ನಿಲ್ಲೋದು, ವಾಪಸ್ ಹತ್ತೋದು ಬೇಡ. ಇದು ನನ್ನ ಡೋಸಿಗೆ, ನನ್ನ ಹತ್ತು ತಿಂಗಳಿಗೆ ಅವರು ಹಾಕಿದ ಲೆಕ್ಕ. ವರ್ಷಗಟ್ಟಲೆ ತಗೊಂಡೋರಿಗೆ ತಿಂಗಳಿಗೆ ಹತ್ತು ಪರ್ಸೆಂಟ್ ಥರ ಇನ್ನೂ ನಿಧಾನ ಇಳಿಸ್ತಾರೆ, ಓದಿದೋರು ಇದನ್ನೇ ಕಾಪಿ ಹೊಡೀಬೇಡಿ.

ಮೊದಲ ಎರಡು ವಾರ ಏನೂ ಅನ್ಸಲಿಲ್ಲ. ಮೂರನೇ ವಾರ ರಾತ್ರಿ ಮೂರು ಗಂಟೆಗೆ ಎಚ್ಚರ, ಕಾಲೊಳಗೆ ಇರುವೆ ಹರಿದಾಡಿದ ಹಾಗೆ, ಸುಮ್ಸುಮ್ನೆ ಅಳು. ನಮ್ಮನೇವ್ರ ಮೇಲೆ ರೇಗಿದ್ದಕ್ಕೆ ಲೆಕ್ಕವೇ ಇಲ್ಲ, ಪಾಪ. ಮಂಡಿ ನೋವೂ ಜಾಸ್ತಿ ಆಯ್ತು, ಆವಾಗ ಡಾಕ್ಟ್ರು ಫೋನಲ್ಲಿ ಹೇಳಿದ್ದು ನನಗೆ ಬಹಳ ಉಪಕಾರಕ್ಕೆ ಬಂತು. ಮಾತ್ರೆ ಇಳಿಸ್ದಾಗ ಬರೋ ನೋವಿನಲ್ಲಿ ಒಂದು ಪಾಲು ಮಂಡಿದಲ್ಲ, ಇಳಿಸಿದ್ದರದ್ದೇ, ಹತ್ತು ದಿನ ತಡೀರಿ ಅಂತ. ತಡೆದೆ. ಹೇಳಿದ ಟೈಮಿಗೆ ಪ್ಯಾರಾಸಿಟಮಾಲ್, ಮಂಡಿಗೆ ಹಚ್ಚೋ ಜೆಲ್, ಊರುಗೋಲು, ತೊಡೆ ಗಟ್ಟಿ ಮಾಡೋ ವ್ಯಾಯಾಮ. ಮಂಡಿಗೆ ಸ್ಟೀರಾಯ್ಡ್ ಇಂಜೆಕ್ಷನ್ ಹಾಕಿ ಅಂತ ಗೋಗರೆದೆ, ಆಪರೇಷನ್‌ಗೆ ಮೂರು ತಿಂಗಳ ಒಳಗೆ ಹಾಕಿದ್ರೆ ಸೋಂಕಿನ ಅಪಾಯ ಜಾಸ್ತಿ ಅಂತ ಸರ್ಜನ್ ಖಡಾಖಂಡಿತ ಇಲ್ಲ ಅಂದ್ರು.

ಆರನೇ ವಾರ ಡೈರೀಲಿ ನಾನು ಬರೆದಿದ್ದನ್ನ ಹಾಗೇ ಹಾಕ್ತೀನಿ. "ಇವತ್ತು ಒಂದೇ ಮಾತ್ರೆ. ನೋವು ಹತ್ತಕ್ಕೆ ಆರು. ನಾಲ್ಕು ತಗೋತಿದ್ದಾಗ್ಲೂ ಆರೇ ಬರೆದಿದೀನಿ!" ನಿಜ, ಹಿಂದೆ ತಿರುಗಿಸಿ ನೋಡಿದ್ರೆ ನಾಲ್ಕು ಮಾತ್ರೆಯ ದಿನಗಳಲ್ಲೂ ಆರು, ಏಳು, ಆರು. ಮೂರು ಮಾತ್ರೆ ಯಾವುದಕ್ಕೆ ಹೋಗ್ತಿದ್ವು ಹಾಗಾದ್ರೆ? ಮುಂದಿನ ಮಾತ್ರೆ ಸಿಗೋವರೆಗಿನ ಚಡಪಡಿಕೆ ತಣಿಸೋಕೆ ಅಷ್ಟೇ ಇರಬೇಕು. ಆಮೇಲೆ ಗೊತ್ತಾಯ್ತು, ಇದನ್ನೇ 2018ರಲ್ಲಿ ಒಂದು ವರ್ಷ ಕಾದು ಪರೀಕ್ಷೆ ಮಾಡಿದಾರೆ. ಬೆನ್ನುನೋವು, ಮಂಡಿ, ಸೊಂಟದ ಸವೆತ ಇರೋ 240 ಜನರನ್ನ ಚೀಟಿ ಎತ್ತಿದ ಹಾಗೆ ಎರಡು ಗುಂಪು ಮಾಡಿ ಒಂದಕ್ಕೆ ಓಪಿಯಾಯ್ಡ್, ಇನ್ನೊಂದಕ್ಕೆ ಬೇರೆ ಮಾತ್ರೆಗಳು. ಹನ್ನೆರಡು ತಿಂಗಳಾದ ಮೇಲೆ ಓಡಾಟದಲ್ಲಿ ವ್ಯತ್ಯಾಸ ಇಲ್ಲ, ನೋವು ಓಪಿಯಾಯ್ಡ್ ಗುಂಪಿಗೆ ಹತ್ತಕ್ಕೆ 4.0, ಇನ್ನೊಂದು ಗುಂಪಿಗೆ 3.5.

ಇಳಿಸಿದ್ರೆ ನಿಜಕ್ಕೂ ಆಪರೇಷನ್ ಫಲಿತಾಂಶ ಸುಧಾರಿಸುತ್ತಾ ಅನ್ನೋದಕ್ಕೆ ನನಗೆ ಇಷ್ಟವಾದ ಅಧ್ಯಯನ 2016ರದ್ದು. ಕೀಲು ಬದಲಾವಣೆಗೆ ಮುಂಚೆ ಡೋಸನ್ನ ಅರ್ಧಕ್ಕೆ ಇಳಿಸಿದ 41 ಜನ, ಇಳಿಸದೇ ಇದ್ದೋರು, ಮೊದಲಿಂದ ತಗೊಳ್ಳದೇ ಇದ್ದೋರು, ಮೂರೂ ಗುಂಪು ಪಕ್ಕಪಕ್ಕ. ಅರ್ಧಕ್ಕೆ ಇಳಿಸಿದೋರ ಸುಧಾರಣೆ ಇಳಿಸದೇ ಇದ್ದೋರಿಗಿಂತ ಎಷ್ಟೋ ಮೇಲು, ತಗೊಳ್ಳದೇ ಇದ್ದೋರ ಹತ್ತಿರ ಹತ್ತಿರ ಬಂತು. ಪೂರ್ತಿ ಬಿಡಬೇಕಾಗಿಲ್ಲ, ಅರ್ಧ ಸಾಕು. ಸಣ್ಣ ಅಧ್ಯಯನ, ಇಳಿಸೋಕೆ ಆದೋರು ಮೊದಲೇ ಗಟ್ಟಿಗರಿರಬಹುದು ಅನ್ನೋ ಅನುಮಾನ ಇಲ್ಲೂ ಇದೆ. ಇರ್ಲಿ, ಮೂರನೇ ವಾರದ ರಾತ್ರಿಗಳಲ್ಲಿ ನಾನು ಹಿಡ್ಕೊಂಡಿದ್ದು ಅದನ್ನೇ.

ಎರಡನೇ ಆಪರೇಷನ್ ದಿನ ಬೆಳಗ್ಗೆ ನನ್ನ ಮಿಕ್ಕ ಒಂದು ಮಾತ್ರೆ ಅವರೇ ಕೊಟ್ರು, ನಿಲ್ಲಿಸಲಿಲ್ಲ. ನಾನು ಟ್ರಮಡಾಲ್ ತಗೋತಿರೋದನ್ನ ಚಾರ್ಟಿನ ಮೇಲೆ ಕೆಂಪು ಇಂಕಲ್ಲಿ ಬರೆದಿತ್ತು. ಬೆನ್ನಿಗೆ ಇಂಜೆಕ್ಷನ್, ತೊಡೆಯ ನರ ಮರಗಟ್ಟಿಸೋಕೆ ಒಂದು ಬ್ಲಾಕ್, ಕೀಲಿನ ಸುತ್ತ ಮರಗಟ್ಟಿಸೋ ಔಷಧಿ, ಸಣ್ಣ ಡೋಸಲ್ಲಿ ಕೆಟಮಿನ್ ಅನ್ನೋ ಅರಿವಳಿಕೆ ಔಷಧಿ, ಆಮೇಲೆ ಹೊತ್ತು ಹೊತ್ತಿಗೆ ಪ್ಯಾರಾಸಿಟಮಾಲ್, ಕಿಡ್ನಿ ಸರಿ ಇದ್ದಿದ್ರಿಂದ ಊತ ಇಳಿಸೋ ಮಾತ್ರೆ, ಮಂಜುಗಡ್ಡೆ, ಮತ್ತೆ ಮೊದಲ ದಿನದಿಂದಲೇ ಮಲಬದ್ಧತೆಗೆ ಔಷಧಿ. ಒಂದರ ಮೇಲೇ ಭಾರ ಹಾಕದೆ ನೋವನ್ನ ನಾಲ್ಕೂ ಕಡೆಯಿಂದ ಹಿಡಿಯೋದು. ಜೋರು ಇಂಜೆಕ್ಷನ್ನೂ ಕೊಟ್ರು, ಬೇಕಾದಾಗ, ಹಿಂಜರಿಯದೆ. ನೋವು ಇರಲಿಲ್ವಾ? ಇತ್ತು ಸ್ವಾಮಿ, ಮೂಳೆ ಕೊಯ್ದಿದಾರೆ! ಆದ್ರೆ ಹೇಳಿದ್ರೆ ಕೇಳೋ ನೋವು. ಅವತ್ತೇ ಸಾಯಂಕಾಲ ವಾಕರ್ ಹಿಡ್ಕೊಂಡು ಬಾಗಿಲವರೆಗೆ ಹೋದೆ. ಆರನೇ ವಾರಕ್ಕೆ 105 ಡಿಗ್ರಿ. ಟ್ರಮಡಾಲ್ ಕೊನೇ ಮಾತ್ರೆ ನುಂಗಿದ್ದು ಇಪ್ಪತ್ತಾರನೇ ದಿನ.

ಒಂದೆರಡು ವಿಷಯ ಹೇಳದೇ ಇದ್ರೆ ತಪ್ಪಾಗುತ್ತೆ. ಎಲ್ಲರಿಗೂ ಇಳಿಸೋಕೆ ಆಗಲ್ಲ, ಮೂಳೆ ಮುರಿದು ನಾಳೆನೇ ಆಪರೇಷನ್ ಅನ್ನೋರಿಗೆ ಹತ್ತು ವಾರ ಎಲ್ಲಿಂದ ಬರಬೇಕು, ಕ್ಯಾನ್ಸರ್ ನೋವಿಗೆ ತಗೊಳ್ಳೋರ ಕಥೆಯೇ ಬೇರೆ, ಅವರು ಹೇಳಿದ್ರೆ ಸಾಕು, ಅದಕ್ಕೆ ತಕ್ಕ ಹಾಗೆ ಡಾಕ್ಟ್ರು ಹೊಂದಿಸ್ಕೊಳ್ತಾರೆ. ಚಟ ಬಿಡಿಸೋ ಚಿಕಿತ್ಸೇಲಿ ಬುಪ್ರೆನಾರ್ಫಿನ್ ತಗೋತಿರೋರು ಆಪರೇಷನ್ ಅಂತ ಅದನ್ನ ತಾವಾಗೇ ನಿಲ್ಲಿಸಬಾರದು, ಸಾಮಾನ್ಯವಾಗಿ ಮುಂದುವರಿಸೋದೇ ಈಗಿನ ಪದ್ಧತಿ. ಇನ್ನು ನನಗೆ ಮೈ ಉರಿಯೋದು ಯಾವಾಗ ಅಂದ್ರೆ, ಈ ಕಥೆ ಹೇಳಿದಾಗ "ಓಹ್ ಚಟ ಹತ್ತಿಸ್ಕೊಂಡಿದ್ರಾ" ಅಂತ ಮುಖ ಮಾಡ್ತಾರಲ್ಲ ಆಗ. ಮೈ ಒಗ್ಗಿಹೋಗೋದು ಬೇರೆ, ಚಟ ಬೇರೆ. ಡಾಕ್ಟ್ರು ಬರೆದಿದ್ದನ್ನ ನೋವಿಗೆ ತಗೊಂಡ ಯಾರ ಮೈಯಾದ್ರೂ ಒಗ್ಗುತ್ತೆ. ಚಟ ಇದ್ದೋರನ್ನೂ ಹಾಗೆ ನೋಡೋ ಹಕ್ಕು ಯಾರಿಗೂ ಇಲ್ಲ ಅನ್ನೋದು ಬೇರೆ ಮಾತು. ಈ ಮುಖ ಮಾಡೋರಿಗೆ ಹೆದರಿಯೇ ಎಷ್ಟೋ ಜನ ಆ ಫಾರ್ಮಿನಲ್ಲಿ ಬರೆಯಲ್ಲ. ನಾನು ಮರೆತು ಬಿಟ್ಟೆ, ಅವರು ಹೆದರಿ ಬಿಡ್ತಾರೆ, ಆಪರೇಷನ್ ಆದ ರಾತ್ರಿ ಇಬ್ಬರ ಪಾಡೂ ಒಂದೇ.

ಹೋದ ತಿಂಗಳು ಹಲ್ಲು ಕೀಳಿಸೋಕೆ ಹೋಗಿದ್ದೆ, ಅಲ್ಲೂ ಒಂದು ಫಾರ್ಮ್. ಬಿಪಿ, ಥೈರಾಯ್ಡ್, ಆಮೇಲೆ ಟ್ರಮಡಾಲ್ ಯಾವ ವರ್ಷದಿಂದ ಯಾವ ವರ್ಷ, ದಿನಕ್ಕೆಷ್ಟು, ಹೇಗೆ ಇಳಿಸಿದ್ದು, ಕೊನೇದು ಯಾವತ್ತು ಅಂತ ಬರೀತಾ ಹೋದೆ, ಕಾಲಂ ಮುಗಿದುಹೋಯ್ತು. ಕೌಂಟರಿನ ಹುಡುಗಿ "ಆಂಟಿ, ಒಂದು ಹಲ್ಲಿಗೆ ಇಷ್ಟೆಲ್ಲ ಬೇಡ" ಅಂದ್ಳು. ಹಾಳೆ ತಿರುಗಿಸಿ ಹಿಂದಗಡೆ ಮುಂದುವರಿಸಿದೆ.